ಚಳಿಗೆ ಬಿಟ್ಟ ಗಿಡ

ಈ ಬೆಟ್ಟಕ್ಕೆ ಬಂಡಿಯ ದಾರಿಯೇ ಇಲ್ಲದ ಕಾಲ. ಆಗ ಮೇಲೆ, ಮೋಡ ಬಂದು ಕೂರುವ ಕಡೆ, ಒಂದು ಹಟ್ಟಿ ಇತ್ತಂತೆ. ಆ ಹಟ್ಟಿಯಲ್ಲಿ ಮಾಸಿ ಅಂತ ಒಬ್ಬಳು ಹೆಂಗಸು ಇದ್ದಳಂತೆ. ಯಾವ ಕಾಲ, ಯಾವ ರಾಜ ಅಂತ ನನ್ನನ್ನು ಕೇಳಬೇಡಿ. ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಕೇಳಿದರೆ ಬೈಯುತ್ತಿದ್ದಳು. ಒಲೆಯ ಹತ್ತಿರ ಸರಿದು ಕೂತುಕೊಳ್ಳಿ. ಇದು ಚಳಿಯ ಕತೆ.

ಆಗಿನ ಚಳಿ ಈಗಿನ ಹಾಗಲ್ಲ ಅಂತಾರೆ. ಪುಷ್ಯ ಬಂತೆಂದರೆ ಬೆಳಗಾಗುವಷ್ಟರಲ್ಲಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಮಂಜು ಗಟ್ಟಿಯಾಗಿರುತ್ತಿತ್ತು. ಬಿಳಿಮಂಜು ಅನ್ನುತ್ತಿದ್ದರು ಅದನ್ನು. ಅದು ಬಿದ್ದ ಕಡೆ ಅವರೆ ಕರಕಲಾಗುತ್ತಿತ್ತು, ಕುಂಬಳದ ಬಳ್ಳಿ ಬೇಯಿಸಿದ ಸೊಪ್ಪಿನ ಹಾಗೆ ಜೋತುಬೀಳುತ್ತಿತ್ತು. ಅದಕ್ಕೇ ಹಟ್ಟಿಯವರು ಹಿತ್ತಲಿನ ಗಿಡಗಳಿಗೂ ಹಳೆಯ ಕಂಬಳಿ ಹೊದಿಸುತ್ತಿದ್ದರು. ಸಂಜೆಯಾದರೆ ಮೊದಲು ಕರುವಿಗೆ, ಆಮೇಲೆ ಗಿಡಕ್ಕೆ, ಆಮೇಲೆ ತಮಗೆ. ಗಿಡಕ್ಕೆ ಹೊದಿಸದೆ ಮಲಗಿದವಳನ್ನು ಸೋಮಾರಿ ಅಂತ ಆಡಿಕೊಳ್ಳುತ್ತಿದ್ದರು.

ಇನ್ನೊಂದು ರೂಢಿಯಿತ್ತು. ಬಸುರಿಗೆ ಏಳು ತಿಂಗಳು ತುಂಬಿದ ಮೇಲೆ ಕುರಿಮರಿಯ ಮೊದಲ ಉಣ್ಣೆ ಕತ್ತರಿಸಿ, ನೂತು, ಕೂಸಿಗೆ ಒಂದು ಕಂಬಳಿ ನೇಯಬೇಕು. ದೊಡ್ಡವರ ಕಂಬಳಿ ಚುಚ್ಚುತ್ತದೆ, ಎಳೆಯ ಮೈಗೆ ಆಗುವುದಿಲ್ಲ. ಏಳು ತುಂಬುವ ಮೊದಲು ನೇಯಬಾರದು. ಒಂದು ಕೂಸಿನದನ್ನು ಇನ್ನೊಂದು ಕೂಸಿಗೆ ಹೊದಿಸಬಾರದು. ಕೂಸು ನಡೆಯಲು ಕಲಿತರೆ ಅದನ್ನು ಹರಿದು ಅಂಗಿಗೆ ಒಳಪದರ ಹಾಕಬೇಕು. ಕೂಸು ಉಳಿಯದಿದ್ದರೆ ಅದರ ಜೊತೆಗೇ ಮಣ್ಣು ಮಾಡಬೇಕು.

ಮಾಸಿಯ ಕೂಸು ಉಳಿಯಲಿಲ್ಲ. ಗಂಡ ಮೊದಲೇ ತೀರಿಕೊಂಡಿದ್ದ, ಇದ್ದದ್ದು ಅದೊಂದೇ ಗಂಡು ಕೂಸು. ಬಿಳಿಮಂಜಿನ ದಿನಗಳಲ್ಲಿ ಎದೆ ಕಟ್ಟಿ ಹೋಯಿತಂತೆ. ಹಲ್ಲು ಬಾರದ ಮಕ್ಕಳನ್ನು ಆಗ ಹಿತ್ತಲಿನ ಅಂಚಿನಲ್ಲೇ ಮಣ್ಣು ಮಾಡುತ್ತಿದ್ದರು. ಮಾಸಿ ಕೂಸನ್ನು ಮಣ್ಣಿಗೆ ಕೊಟ್ಟಳು, ಕಂಬಳಿಯನ್ನು ಕೊಡಲಿಲ್ಲ. ಹಿರಿಯರು ಬೈದರೂ ಕೊಡಲಿಲ್ಲ. ಪಕ್ಕದ ಮನೆಯ ಕಾಡಿ ಅಂತ ಒಬ್ಬಳು, ಬಾಯಿ ಜೋರು, ನೀರಿಗೆ ಬಂದವರ ಮುಂದೆ, ಹೊದಿಸಲು ಬಾರದವಳ ಕೂಸು ಹೇಗೆ ಉಳಿದೀತು ಅಂದುಬಿಟ್ಟಳಂತೆ. ಮಾಸಿ ಅಲ್ಲೇ ಇದ್ದಳು. ಕೊಡ ತುಂಬಿಕೊಂಡು ಮನೆಗೆ ಹೋದಳು.

ಆ ವರ್ಷವೇ ಉತ್ತರದ ಹಿಮದ ಸೀಮೆಯಿಂದ ಉಣ್ಣೆಯ ವ್ಯಾಪಾರಿಯೊಬ್ಬ ಬಂದ ಅಂತಾರೆ. ಮಾಸಿ ಅವನಿಗೆ ಬಿಸಿ ಗಂಜಿ ಕೊಟ್ಟಳು. ಅವನು ತನ್ನ ಚೀಲದಿಂದ ಒಂದಿಷ್ಟು ಗೊರಟೆ ತೆಗೆದು ಕೊಟ್ಟ. ಈಗ ಪೇಟೆಯವರು ಚೆರಿ ಅಂತಾರಲ್ಲ, ಆ ಹಣ್ಣಿನ ಗೊರಟೆ. ತಮ್ಮ ಕಡೆ ಮನೆಯ ಅಂಗಳದಲ್ಲೇ ಬೆಳೆಯುತ್ತೇವೆ, ಕುಳ್ಳ ಗಿಡ, ಹೆಂಗಸಿನ ಹೆಗಲು ದಾಟುವುದಿಲ್ಲ ಅಂದನಂತೆ. ಅಷ್ಟೇ ಅಂದ. ಹೇಗೆ ಸಾಕಬೇಕು ಅಂತ ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಗಿಡ ಸಾಕುವುದು ನಮಗೆ ಗೊತ್ತಿಲ್ಲವಾ ಅಂತ ನಮ್ಮವರಿಗೆ ಯಾವಾಗಲೂ ಒಂದು ಜಂಬ.

ಮಾಸಿ ಆ ಗೊರಟೆಗಳನ್ನು ಕೂಸಿನ ಮಣ್ಣಿನ ಮೇಲೆಯೇ ಹೂತಳು. ಒಂದು ಚಳಿಗಾಲ ಏನೂ ಕಾಣಲಿಲ್ಲ. ಬಿಸಿಲು ಏರಿದಾಗ ಒತ್ತೊತ್ತಾಗಿ ಎರಡು ಮೊಳಕೆ ಬಂದವು, ಬೆಳೆಯುತ್ತಾ ಹೆಣೆದುಕೊಂಡು ಒಂದೇ ಗಿಡದ ಹಾಗೆ ಆದವು. ಅವಳು ಅದನ್ನು ಮಗಾ ಅಂತ ಕರೆದಳು. ಮುಂದಿನ ಚಳಿ ಬಂದಾಗ ಪೆಟ್ಟಿಗೆಯಿಂದ ಕೂಸಿನ ಕಂಬಳಿ ತೆಗೆದು ಅದಕ್ಕೆ ಸುತ್ತಿದಳು. ಅದರ ಮೇಲೆ ತನ್ನ ಕಂಬಳಿ ಸುತ್ತಿದಳು. ಬುಡದ ಹತ್ತಿರ ಕೆಂಡದ ಮಡಕೆ ಇಟ್ಟಳು. ಬೇರೆಯವರು ಬೆಳಗಾದರೆ ಬಿಚ್ಚುತ್ತಿದ್ದರು, ಇವಳು ಚಳಿ ಮುಗಿಯುವವರೆಗೂ ಬಿಚ್ಚುತ್ತಿರಲಿಲ್ಲ. ಈ ಸಲ ಯಾರೂ ತನಗೆ ಹೊದಿಸಲು ಬಾರದು ಅನ್ನಬಾರದು, ಅದು ಅವಳ ಹಟ.

ವರ್ಷಗಳು ಹೋದವು. ಗಿಡ ಸೊಂಪಾಗಿತ್ತು, ಎಲೆ ದಟ್ಟವಾಗಿತ್ತು. ಹೂವು ಮಾತ್ರ ಒಂದೂ ಇಲ್ಲ. ಹೂವಿಲ್ಲದ ಮೇಲೆ ಹಣ್ಣು ಎಲ್ಲಿಂದ? ಮಾಸಿ ಇನ್ನೂ ಬಿಗಿಯಾಗಿ ಸುತ್ತಿದಳು, ಇನ್ನೂ ಕೆಂಡ ಇಟ್ಟಳು. ಪಾಪ, ಅವಳಿಗೆ ಗೊತ್ತಿದ್ದದ್ದು ಅದೊಂದೇ.

ಆಗ ಕಾಡಿಯ ಸೊಸೆ ಬಸುರಿಯಾದಳು. ಬೇಲಿಯಾಚೆ ಸತ್ತ ಕೂಸಿನ ಕಂಬಳಿ ಹೊದ್ದು ನಿಂತ ಗಿಡ, ಮುಸ್ಸಂಜೆಯಲ್ಲಿ ನೋಡಿದರೆ ಮಗುವೇ ನಿಂತ ಹಾಗೆ. ಬಸುರಿ ಹೆಂಗಸು ದಿನಾ ಅದನ್ನು ನೋಡುವುದು ಒಳ್ಳೆಯದಲ್ಲ ಅಂತ ಕಾಡಿ ಹಟ್ಟಿಯ ಗೌಡನ ಹತ್ತಿರ ದೂರು ಒಯ್ದಳು. ಗೌಡ ಕೆಟ್ಟವನಲ್ಲ. ಆದರೂ ಹತ್ತು ಜನರ ಮಾತು ನಡೆಸಬೇಕಲ್ಲ. ಬರುವ ಚೈತ್ರಕ್ಕೆ ಹೂ ಬಿಟ್ಟರೆ ಗಿಡ ಇರಲಿ, ಬಿಡದಿದ್ದರೆ ಬೇರುಸಹಿತ ತೆಗೆಯಿರಿ ಅಂತ ತೀರ್ಪು ಹೇಳಿದನಂತೆ. ಮಾಸಿ ಅವತ್ತು ಮನೆಗೆ ಬಂದು ಗಿಡದ ಬುಡದಲ್ಲಿ ಕೂತು ಅತ್ತಳು. ಬೇರುಸಹಿತ ತೆಗೆದರೆ ಕೆಳಗೆ ಇರುವುದು ಯಾರು ಅಂತ ಅವಳಿಗೆ ಗೊತ್ತಿತ್ತು.

ಅದೇ ಪುಷ್ಯದಲ್ಲಿ, ಹಟ್ಟಿ ಕಂಡ ಚಳಿಗಳಲ್ಲೇ ಕೆಟ್ಟ ಚಳಿಯಲ್ಲಿ, ಕಾಡಿಯ ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಏಳು ತುಂಬಿರಲಿಲ್ಲ, ಕಂಬಳಿ ನೇಯಿಸಿರಲಿಲ್ಲ. ಕೂಸು ಅಂಗೈಯಗಲ ಇತ್ತಂತೆ. ದೊಡ್ಡವರ ಕಂಬಳಿ ತಾಗಿದ ಕಡೆ ಮೈ ಸುಲಿಯುತ್ತಿತ್ತು. ಸೀರೆ ಸುತ್ತಿದರೆ ಬಿಸಿ ನಿಲ್ಲುತ್ತಿರಲಿಲ್ಲ. ಇಡೀ ಹಟ್ಟಿಯಲ್ಲಿ ಮಿಕ್ಕಿದ್ದ ಕೂಸಿನ ಕಂಬಳಿ ಒಂದೇ, ಅದು ಗಿಡದ ಮೈಮೇಲಿತ್ತು.

ಸಂಜೆ ಕಾಡಿ ಬಂದು ಬೇಲಿಯ ಹತ್ತಿರ ನಿಂತಳು. ಅಷ್ಟು ಜೋರಿನ ಬಾಯಿ, ಅವತ್ತು ಒಣಗಿಹೋಗಿತ್ತು. ಮಾಸಿ ಕೆಂಡದ ಮಡಕೆ ಹಿಡಿದುಕೊಂಡು ಹಿತ್ತಲಿಗೆ ಬಂದವಳು ಅವಳನ್ನು ನೋಡಿದಳು.

"ಮಾಸೀ, ಕೂಸು ತಣ್ಣಗಾಗ್ತಾ ಐತೆ" ಅಂದಳು ಕಾಡಿ.

ಮಾಸಿ ಎಷ್ಟು ಹೊತ್ತು ನಿಂತಿದ್ದಳೋ. ಕಣ್ಣು ಮಿಟುಕಿಸುವಷ್ಟೂ ತಡ ಮಾಡಲಿಲ್ಲ ಅಂತಾರೆ ಕೆಲವರು. ನಾನು ನಂಬುವುದಿಲ್ಲ. ತಾಯಿ ಅವಳು, ತಡ ಮಾಡಿಯೇ ಇರುತ್ತಾಳೆ. ಆಮೇಲೆ ಮಡಕೆ ಕೆಳಗಿಟ್ಟು ಮೇಲಿನ ಕಂಬಳಿ ಬಿಚ್ಚಿದಳು, ಒಳಗಿನದನ್ನೂ ಬಿಚ್ಚಿದಳು. ಬರಿಮೈಯಾದ ಗಿಡದ ಮೇಲೆ ಕೈಯಿಟ್ಟಳು.

"ಮಗಾ, ತಡ್ಕೋ" ಅಂದಳು. "ನಿನ್ನದನ್ನ ಈ ಕೂಸಿಗೆ ಕೊಡ್ತಾ ಇವ್ನಿ."

ಕೂಸಿನ ಕಂಬಳಿ ಕೂಸಿಗಾಯಿತು. ದೊಡ್ಡ ಕಂಬಳಿ ಗಾಳಿ ನುಗ್ಗುವ ಬಾಗಿಲಿಗಾಯಿತು. ಕೆಂಡದ ಮಡಕೆ ತೊಟ್ಟಿಲ ಕೆಳಗೆ ಹೋಯಿತು. ಹಿಂದೆಯೇ ಮಾಸಿಯೂ ಹೋದಳು. ಸತ್ತ ಕೂಸಿನದನ್ನು ಹೊದಿಸಬಾರದು ಅಂತ ಯಾರೋ ಬಾಗಿಲಲ್ಲಿ ಗೊಣಗಿದರಂತೆ, ಕಾಡಿ ಅವರನ್ನು ಹೊರಗೆ ಕಳಿಸಿದಳು. ಆ ಚಳಿಗಾಲ ಪೂರ್ತಿ ಮಾಸಿ ಆ ಮನೆಯಲ್ಲೇ ಇದ್ದಳು. ತಾಯಿಯ ಹಾಲು ಹಿಂಡಿಸಿಕೊಂಡು ಹತ್ತಿಯಲ್ಲಿ ಅದ್ದಿ ಕೂಸಿನ ಬಾಯಿಗೆ ಹಿಂಡಿದಳು. ತಾಯಿ ದಣಿದಾಗ ಕೂಸನ್ನು ತನ್ನ ಎದೆಗೆ ಹಾಕಿಕೊಂಡು ಕೂತಳು. ಹಿತ್ತಲ ಕಡೆ ಒಂದು ದಿನವೂ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ ಅವಳಿಗೆ.

ಕೂಸು ಉಳಿಯಿತು. ಗಿಡದ ಎಲೆಯೆಲ್ಲ ಉದುರಿತು, ಎಂದೂ ಹಾಗೆ ಉದುರಿರಲಿಲ್ಲ. ಕೊಂಬೆಗಳು ಕಪ್ಪಗೆ ಕಡ್ಡಿಯಾಗಿ ನಿಂತವು. ಬಿಳಿಮಂಜು ಅದರ ಮೇಲೆ ಬಿತ್ತು, ಕರಗಿತು, ಮತ್ತೆ ಬಿತ್ತು. ಹಟ್ಟಿಯವರೆಲ್ಲ ಗಿಡ ಸತ್ತಿತು ಅಂದರು.

ಚೈತ್ರ ಹತ್ತಿರ ಬಂತು. ಸತ್ತ ಗಿಡಕ್ಕೆ ಚೈತ್ರದವರೆಗೆ ಯಾಕೆ ಕಾಯಬೇಕು ಅಂತ ಗೌಡನ ಆಳುಗಳು ಗುದ್ದಲಿ, ಕೊಡಲಿ ತಂದರು. ಮಾಸಿ ಅಡ್ಡ ಬರಲಿಲ್ಲ.

"ತೆಗೀರಿ. ನಾನೇ ಅದನ್ನ ಚಳಿಗೆ ಬಿಟ್ಟೆ" ಅಂದಳಂತೆ.

ಅಡ್ಡ ಬಂದವಳು ಕಾಡಿ. ಮೊಮ್ಮಗನನ್ನು ಎತ್ತಿಕೊಂಡು ಬಂದು ಗಿಡದ ಬುಡದಲ್ಲಿ ಕೂತುಬಿಟ್ಟಳು. ಗೌಡನೇ ಬಂದು ಹೇಳಿದ, ದೂರು ತಂದವಳು ನೀನೇ ಅಲ್ಲವಾ ಅಂತ. ಹೌದು, ನಾನೇ ಅಂದಳು.

"ಇವನ ಚಳೀನ ಈ ಗಿಡ ಹೊತ್ಕೊಂಡೈತೆ" ಅಂದಳು. "ಕಡಿಯೋದಾದ್ರೆ ನಮ್ಮಿಬ್ಬರನ್ನೂ ದಾಟ್ಕೊಂಡು ಹೋಗಿ."

ಯಾರು ದಾಟುತ್ತಾರೆ? ಚೈತ್ರ ಕಳೆಯಲಿ ಅಂತ ಗೌಡ ಹೊರಟುಹೋದ. ಕಾಡಿ ಊಟಕ್ಕೆ ಬಿಟ್ಟರೆ ಏಳಲಿಲ್ಲ. ದಿನವೂ ಬಂದು ಕೂತಳು, ದಿನವೂ ಕೂಸು ಕಂಬಳಿಯೊಳಗೆ ನಿದ್ದೆ ಮಾಡಿತು. ಒಂದು ಬೆಳಗ್ಗೆ ಅವಳು ಮಾಸಿಯನ್ನು ಕೂಗಿದಳು. ಆ ಒಣಕಡ್ಡಿಗಳ ಮೇಲೆ, ಎಲೆ ಬರುವ ಮೊದಲೇ, ಬುಡದಿಂದ ತುದಿಯವರೆಗೆ ಬಿಳಿ ಹೂವು. ಮಾಸಿ ಬಾಗಿಲಿಗೆ ಬಂದವಳು ಮತ್ತೆ ಬಿಳಿಮಂಜು ಬಿತ್ತು ಅಂತ ತಿಳಿದು ಹೆದರಿದಳಂತೆ. ಹತ್ತಿರ ಹೋದರೆ ಜೇನುನೊಣಗಳು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಕೂಸು ಎದ್ದು ಅದೂ ಅತ್ತಿತು.

ಆ ಗಿಡಕ್ಕೆ ಚಳಿಯೇ ಬೇಕಿತ್ತು. ಹಿಮದ ಸೀಮೆಯ ಜಾತಿ, ಚಳಿ ತಿಂದರೇ ಹೂವು. ಇಷ್ಟು ವರ್ಷ ಅದನ್ನು ಬೆಚ್ಚಗಿಟ್ಟು ಹೂ ಬಿಡದ ಹಾಗೆ ಮಾಡಿದ್ದು ಅವಳ ಪ್ರೀತಿಯೇ. ಇದು ತಿಳಿದ ದಿನ ಮಾಸಿ ಊಟ ಮಾಡಲಿಲ್ಲವಂತೆ. ಆದರೂ ಗಿಡವನ್ನು ಚಳಿಗೆ ಬಿಡಲು ಅವಳಿಗೆ ಸುಮ್ಮನೆ ಕೈ ಬರುತ್ತಿರಲಿಲ್ಲ, ಕಾಡಿಯ ಮನೆಯ ಕೂಸಿಗಾಗಿ ಬಂತು.

ಮಳೆಗೆ ಮುಂಚೆ ಹಣ್ಣಾಯಿತು. ನಿಂಬೆಯಷ್ಟು ದಪ್ಪ ಇತ್ತು, ಕತ್ತಲಲ್ಲಿ ಹೊಳೆಯುತ್ತಿತ್ತು ಅಂತೆಲ್ಲ ಹೇಳುತ್ತಾರೆ. ಸುಳ್ಳು. ಗೋಲಿಯಷ್ಟಿತ್ತು, ಹುಳಿಯೂ ಇತ್ತು. ಮೊದಲ ಹಣ್ಣನ್ನು ಮಾಸಿ ಕಾಡಿಯ ಸೊಸೆಯ ಕೈಗೆ ಕೊಟ್ಟಳು. ಗೊರಟೆಗಳನ್ನು ಮನೆಮನೆಗೆ ಹಂಚಿದಳು. ನನ್ನ ಗಿಡದ ಹಾಗೆ ಎರಡನ್ನು ಹತ್ತಿರ ಹತ್ತಿರ ಹೂಳಿ, ಮಂಜು ಅದರ ಮೇಲೇ ಬೀಳಲಿ, ಕಂಕುಳಲ್ಲಿ ಕೂಸಿರುವ ತಾಯಿಯ ಕೈಗೆ ಎಟುಕುವಷ್ಟಕ್ಕೆ ಕೊಂಬೆ ಕತ್ತರಿಸಿ ಅಂತ ಹೇಳಿಕೊಟ್ಟಳು.

ಅವಳು ತೀರಿಕೊಂಡದ್ದೂ ಪುಷ್ಯದಲ್ಲೇ. ಕಾಡಿಯ ಮೊಮ್ಮಗ ದೊಡ್ಡವನಾಗಿದ್ದ. ಹರಿಯದೆ ಇಟ್ಟುಕೊಂಡಿದ್ದ ಆ ಕಂಬಳಿಯನ್ನು ತಂದು ಅವಳ ಜೊತೆ ಮಣ್ಣಿಗೆ ಕೊಡೋಣ ಅಂದ. ಬೇಡ ಅಂತ ಅವಳು ಮೊದಲೇ ಹೇಳಿ ಹೋಗಿದ್ದಳು, ಯಾವ ಮನೆಯಲ್ಲಿ ತೊಟ್ಟಿಲು ತೂಗುತ್ತದೋ ಅಲ್ಲಿಗೆ ಕೊಡಿ ಅಂತ. ಗಿಡದ ಪಕ್ಕದಲ್ಲೇ ಅವಳನ್ನು ಮಲಗಿಸಿದರು.

ಇವತ್ತಿಗೂ ನಮ್ಮಲ್ಲಿ ಮೊದಲ ಬಿಳಿಮಂಜು ಬೀಳುವ ಸಂಜೆ ಎಲ್ಲ ಮನೆಯವರೂ ಹಿತ್ತಲಿಗೆ ಹೋಗುತ್ತೇವೆ. ಕುಳ್ಳ ಗಿಡದ ಮೇಲೆ ಕೈಯಿಟ್ಟು, ಮಗಾ ತಡ್ಕೋ ಅನ್ನುತ್ತೇವೆ. ಆಮೇಲೆ ಒಂದು ಮೆತ್ತನೆ ಕಂಬಳಿ ತೊಟ್ಟಿಲಿರುವ ಮನೆಗೆ ಹೋಗುತ್ತದೆ, ಜಗಳ ಇರುವ ಮನೆಯಾದರೂ ಹೋಗುತ್ತದೆ. ಹೊರಗಿನವರು ಈ ಕತೆ ಕೇಳಿ, ಪಾಪ, ಮಾಸಿಗೆ ಮಕ್ಕಳಿರಲಿಲ್ಲವಾ ಅಂತ ಕೇಳುವುದುಂಟು. ಇರಲಿಲ್ಲ ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಹಿತ್ತಲ ಬಾಗಿಲು ತೆರೆದು ತೋರಿಸುತ್ತೇವೆ.