ಒಂದು ಕೂಗಳತೆ ಬಾಕಿ

"ಗುರುಗಳೇ, ತಾಳ್ಮೆಯಿಂದ ಕಾದವನಿಗೆ ಸಿಗುವ ಮರ್ಯಾದೆ ಇಷ್ಟೇ ಏನು?" ಎಂದು ಶಿಷ್ಯನೊಬ್ಬ ಕೇಳಿದ.

ಅವನು ಚುರುಕು ಬುದ್ಧಿಯವನು. ಅವನ ಜೊತೆ ಓದುವ ಕೂಸಪ್ಪ ನಿಧಾನಿ. "ದಿನವೂ ನನ್ನ ಪಾಠ ಮೊದಲು ಮುಗಿಯುತ್ತದೆ. ಆದರೂ ಅವನಿಗಾಗಿ ಸುಮ್ಮನೆ ಕೂತು ಕಾಯುತ್ತೇನೆ. ಅವನು ಕೊನೆಯ ಸಾಲು ಮುಟ್ಟಿದ ಮೇಲೆಯೇ ಮುಂದಿನ ಪಾಠ ತೆಗೆಯುತ್ತೇನೆ. ನಿನ್ನೆ ಅವನು, ಇನ್ನು ನಿನ್ನ ಜೊತೆ ಓದುವುದಿಲ್ಲ ಎಂದುಬಿಟ್ಟ" ಎಂದ. ಪಾಪ, ನಿಜವಾಗಿಯೂ ನೊಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಹೊಳೆ ಕಡಲನ್ನು ಸೇರುವಲ್ಲಿ ಒಂದು ದ್ವೀಪ. ಅದರ ನಡುವೆ ಒಂದು ದೇವಿಯ ಗುಡಿ. ಈಚೆ ದಡದ ಊರಿನಲ್ಲಿ ಒಬ್ಬ ನೇಕಾರ, ಒಬ್ಬ ವರ್ತಕ, ಒಬ್ಬ ಓಲೆಕಾರ. ಮೂವರೂ ಬಾಲ್ಯದ ಗೆಳೆಯರು. ಒಮ್ಮೆ ಅವರು ಕೂತಿದ್ದ ದೋಣಿ ಮಗುಚಿತು. ಮೂವರೂ ಒಂದೇ ಹಲಗೆ ಹಿಡಿದು ತೇಲಿದರು. "ತಾಯೀ, ದಡ ಸೇರಿಸು. ನಿನ್ನ ದ್ವೀಪದ ಅಂಚು ಹಿಡಿದು ಮೂವರೂ ಒಟ್ಟಿಗೆ ಪ್ರದಕ್ಷಿಣೆ ಬರುತ್ತೇವೆ" ಎಂದು ಹರಕೆ ಹೊತ್ತರು. ಮೂಗಿನವರೆಗೆ ನೀರು ಬಂದಾಗ ಯಾರೂ ದ್ವೀಪದ ಸುತ್ತಳತೆ ವಿಚಾರಿಸುವುದಿಲ್ಲ. ದೇವಿ ದಡ ಸೇರಿಸಿದಳು. ಆಮೇಲೆ ನೋಡಿದರೆ ದ್ವೀಪ ಬಹಳ ದೊಡ್ಡದಿತ್ತು.

ಒಂದು ದಿನದಲ್ಲಿ ಮುಗಿಯುವ ಮಾತಲ್ಲ. ಗುಡಿಯ ಅರ್ಚಕರನ್ನು ಕೇಳಿದರು. ಅರ್ಚಕರು ಧಾರಾಳ ಮನಸ್ಸಿನವರು. ಕಂತುಕಂತಾಗಿ ನಡೆಯಬಹುದು ಎಂದರು. ಒಂದು ಸಲ ನಿಲ್ಲಿಸಿದ ಜಾಗದಿಂದಲೇ ಮುಂದಿನ ಸಲ ಹೊರಡಬೇಕು. ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ಇಡುವಂತಿಲ್ಲ. ಕೊನೆಗೆ ಮೂವರೂ ಒಟ್ಟಿಗೆ ಮುಗಿಸಬೇಕು. ಅಮಾವಾಸ್ಯೆಯಂದು ಮಗ್ಗಕ್ಕೂ ರಜೆ, ಅಂಗಡಿಗೂ ರಜೆ. ಅಮಾವಾಸ್ಯೆಗೊಂದು ಕಂತು ಎಂದಾಯಿತು.

ಓಲೆಕಾರ ಊರಿಂದೂರಿಗೆ ಓಲೆ ಹೊತ್ತು ಓಡುವವನು. ವರ್ತಕ ಸಂತೆಯಿಂದ ಸಂತೆಗೆ ಸುತ್ತುವವನು. ನೇಕಾರನೋ, ಬುದ್ಧಿ ಬಂದಂದಿನಿಂದ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವನು. ಅವನ ಕಾಲು ಇಡೀ ದಿನ ತುಳಿಯುತ್ತಿತ್ತು, ಎಲ್ಲಿಗೂ ಹೋಗುತ್ತಿರಲಿಲ್ಲ. ಮರಳಿಗೆ ಇಳಿದ ಸ್ವಲ್ಪ ಹೊತ್ತಿಗೇ ಗೆಳೆಯರಿಬ್ಬರೂ ಅವನ ಕಣ್ಣಿಗೆ ಕಾಣದಷ್ಟು ಮುಂದೆ ಹೋದರು.

ಆದರೆ ಅವರು ಒಳ್ಳೆಯವರು. ಬಿಟ್ಟು ಹೋಗಲಿಲ್ಲ. ಒಂದು ಹೊನ್ನೆ ಮರದ ನೆರಳಿನಲ್ಲಿ ಕೂತು ಕಾದರು. ಹುರಿಗಡಲೆ ತಿಂದರು. ಎಳನೀರು ಕುಡಿದರು. ಓಲೆಕಾರ ಒಂದು ಸಣ್ಣ ನಿದ್ದೆಯನ್ನೂ ಮುಗಿಸಿದ. ಅಷ್ಟರಲ್ಲಿ ನೇಕಾರ ಏದುಸಿರು ಬಿಡುತ್ತ ಬಂದ. ನೆರಳು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು. ಬುತ್ತಿಯ ಗಂಟು ಇಳಿಸಲು ಬಗ್ಗಿದ. ಇಬ್ಬರೂ ಪಂಚೆಯ ಮರಳು ಕೊಡವಿ ಎದ್ದು ನಿಂತರು.

"ಅಂತೂ ಬಂದೆಯಲ್ಲ ಮಾರಾಯ! ನಿನಗೋಸ್ಕರವೇ ಇಷ್ಟು ಹೊತ್ತು ಕಾದದ್ದು. ಇನ್ನು ಹೊರಡುವ" ಎಂದ ವರ್ತಕ.

ನೇಕಾರ ಗಂಟನ್ನು ಮತ್ತೆ ಹೆಗಲಿಗೇರಿಸಿದ. ಅಷ್ಟು ಕಾದವರಿಗೆ ಇನ್ನಷ್ಟು ಕಾಯಿರಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಒಬ್ಬನೇ ಕೂತುಬಿಟ್ಟರೆ ಇನ್ನೂ ಹಿಂದೆ ಬೀಳುತ್ತಾನೆ, ಅವರು ಇನ್ನೂ ಕಾಯಬೇಕಾಗುತ್ತದೆ. ಅದಕ್ಕೂ ನಾಚಿಕೆ.

ಮುಂದಿನ ಮರದಲ್ಲೂ ಹೀಗೆಯೇ ಆಯಿತು. ಮುಂದಿನ ಅಮಾವಾಸ್ಯೆಯಲ್ಲೂ ಹೀಗೆಯೇ. ದ್ವೀಪದಲ್ಲಿ ಎಲ್ಲೆಲ್ಲಿ ಒಳ್ಳೆಯ ನೆರಳಿದೆ ಎಂಬುದು ನೇಕಾರನಿಗೆ ಬಾಯಿಪಾಠವಾಯಿತು. ಒಂದರಲ್ಲೂ ಅವನು ಕೂತಿರಲಿಲ್ಲ. ಒಮ್ಮೆ ಉಪಾಯ ಹೂಡಿ, ಮೊದಲ ದೋಣಿಗೇ ದಾಟಿ ತಾನೊಬ್ಬನೇ ಮುಂದಾಗಿ ನಡೆಯತೊಡಗಿದ. ಗೆಳೆಯರು ಹಿಂದಿನಿಂದ ಬಂದು, "ಭಲೇ!" ಎಂದು ಬೆನ್ನು ತಟ್ಟಿ, ದಾಟಿ ಹೋಗಿ, ಮರದಡಿ ಕೂತು ಕಾದರು.

ಅವರ ತಾಳ್ಮೆಯ ಸುದ್ದಿ ಊರಲ್ಲಿ ಹಬ್ಬಿತು. ಹಬ್ಬಿಸಿದವರು ಅವರೇ. ಕಾದು ಕಾದು ಕಾಲು ಜೋಮು ಹಿಡಿಯುತ್ತದೆ ಎನ್ನುತ್ತಿದ್ದರು. ಕಂತು ಕಳೆದಂತೆ ಕಾದವರು ಮೈ ತುಂಬಿಕೊಂಡರು, ನೇಕಾರ ಕಡ್ಡಿಯಾದ. ಅದು ಪಶ್ಚಾತ್ತಾಪವೆಂದು ಊರವರು ತಿಳಿದರು. ಅವನ ಹೆಂಡತಿಗೂ ಹಾಗೆಯೇ ಅನ್ನಿಸಿತು. ಗಂಡನಿಂದ ಅವರಿಗೆಷ್ಟು ತೊಂದರೆ ಎಂದು ನೊಂದು, ಆ ಇಬ್ಬರಿಗೂ ಸೇರಿಸಿ ಹೋಳಿಗೆ ಕಟ್ಟಿಕೊಟ್ಟಳು. ಹೆಗಲ ಗಂಟು ಇನ್ನಷ್ಟು ಭಾರವಾಯಿತು.

ನೇಕಾರನಿಗೆ ಗೆಳೆಯರ ಮೇಲಿನ ಪ್ರೀತಿ ಕಡಿಮೆಯಾಗಿರಲಿಲ್ಲ. ಅವನ ಕಷ್ಟವೇ ಅದು. ಅವನೊಬ್ಬ ಬಿಟ್ಟರೆ ಮೂವರ ಹರಕೆಯೂ ಕೆಡುತ್ತದೆ. ಬಿಡಲಾರ, ನಡೆಯಲಾರ.

ಕೊನೆಯ ಕಂತು ಬಂತು. ದಾರಿಯಲ್ಲಿ ಒಂದು ಮರಳದಿಣ್ಣೆ. ನೀರು ಇಳಿದಾಗ ಮಾತ್ರ ಅದನ್ನು ದಾಟಬಹುದು. ಗೆಳೆಯರು ದಾಟಿ ಆಚೆ ನೆರಳಿನಲ್ಲಿ ಕೂತಿದ್ದರು. ಅಲ್ಲಿಂದ ನಾಲ್ಕು ಮಾರು ಹೋದರೆ ಹರಕೆ ಮುಗಿಯಿತು. ನೇಕಾರ ದಿಣ್ಣೆಯ ಈಚೆ, ಕೂಗಳತೆಯ ದೂರಕ್ಕೆ ಬಂದ. ಅವನನ್ನು ಕಂಡೊಡನೆ ಇಬ್ಬರ ಕೈಯೂ ಪಂಚೆ ಕೊಡವಲು ಹೋಯಿತು. ನೇಕಾರ ಅದನ್ನು ನೋಡಿದ. ನಿಂತ. ಪಕ್ಕದ ಕೇದಗೆ ಮೆಳೆಯ ನೆರಳಿನಲ್ಲಿ ಕೂತೇಬಿಟ್ಟ. ಗಂಟು ಬಿಚ್ಚಿ, ಅವರ ಪಾಲಿನ ಹೋಳಿಗೆಗೇ ಮೊದಲು ಕೈ ಹಾಕಿದ.

"ಅಲ್ಲಿ ಎಂತ ಕೂತದ್ದು? ಬಾ ಮಾರಾಯ, ನಿನಗೋಸ್ಕರ ಕಾಯ್ತಾ ಇದ್ದೇವೆ!" ಎಂದು ಓಲೆಕಾರ ಕೂಗಿದ.

"ಗೊತ್ತುಂಟು! ಆದರೆ ನಾನು ಬಂದರೆ ನೀವು ಏಳ್ತೀರಲ್ಲ!" ಎಂದು ನೇಕಾರನೂ ಕೂಗಿದ.

ಇಬ್ಬರಿಗೂ ಇದು ತಲೆಗೆ ಹೋಗಲಿಲ್ಲ. ಬಿಸಿಲಿಗೆ ಬುದ್ಧಿ ಕೆಟ್ಟಿರಬೇಕು ಎಂದುಕೊಂಡರು. ಹೋಗಿ ಕರೆತರೋಣವೆಂದರೆ ಹೆಜ್ಜೆ ಹಿಂದಿಡುವಂತಿಲ್ಲ. ಬೇಡಿದರು, ಬೈದರು, ದೇವಿಯ ಆಣೆ ಹಾಕಿದರು. ಕಾಯುವುದರಲ್ಲಿ ಪಳಗಿದ ಮಹಾನುಭಾವರು ಅಂದು ಮಾತ್ರ ಕಾಯಲಾರದೆ ಕುದಿದುಹೋದರು. ನೇಕಾರ ದಣಿವಾರಿಸಿಕೊಂಡು ಎದ್ದಾಗ ಕಡಲು ಏರಿ ನಡುವಿನ ಮರಳನ್ನು ನುಂಗಿತ್ತು. ದೋಣಿಯವನು ಬಂದು ಆ ಕಡೆಯಿಂದ ಇಬ್ಬರನ್ನು, ಈ ಕಡೆಯಿಂದ ಒಬ್ಬನನ್ನು ಹತ್ತಿಸಿಕೊಂಡ. ಒಂದೇ ಹಲಗೆ ಹಿಡಿದು ಬದುಕಿದವರು ಒಂದೇ ದೋಣಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮುಂದಿನ ಅಮಾವಾಸ್ಯೆಗೆ ನೇಕಾರ ಬುತ್ತಿ ಕಟ್ಟಿಕೊಂಡು ದೋಣಿಕಟ್ಟೆಗೆ ಬಂದ. ಗೆಳೆಯರು ಬರಲಿಲ್ಲ. ಇಷ್ಟು ಕಾದದ್ದಕ್ಕೆ ಇದೇ ಮರ್ಯಾದೆಯೇ ಎಂದು ಮನೆಯಲ್ಲೇ ಉಳಿದರು. ಹರಕೆ ಒಂದು ಕೂಗಳತೆಯಷ್ಟು ಬಾಕಿ ಉಳಿಯಿತು.

ಕತೆ ಕೇಳಿ ಶಿಷ್ಯನಿಗೆ ಸಿಟ್ಟು ಬಂದಿತು. "ಎಂಥ ಕೃತಘ್ನ ಗುರುಗಳೇ, ಆ ನೇಕಾರ! ಅಷ್ಟು ಅಮಾವಾಸ್ಯೆ ಅವನಿಗಾಗಿ ಕಾದರಲ್ಲ! ನಾನೂ ಕೂಸಪ್ಪನಿಗಾಗಿ ಹೀಗೆಯೇ ಕಾದಿದ್ದೇನೆ" ಎಂದ.

ಗುರುಗಳು ಕೇಳಿದರು: "ಕೂಸಪ್ಪ ಕೊನೆಯ ಸಾಲಿಗೆ ಬಂದ ಮೇಲೆ ನೀನು ಎಷ್ಟು ಹೊತ್ತು ಕೂತೆ?"