ಮೊಣಕಾಲೆತ್ತರದ ಎಂಜಿನ್ನಿಗೆ ಲೈನ್ ಕ್ಲಿಯರ್

ರೈಲ್ವೆ ಕಾಲೊನಿಯ ಕೊನೇ ಸಾಲಿನಲ್ಲಿ ದುಗ್ಗಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಸಣ್ಣೀರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ. ಹೋದ ಕೆಲಸದಿಂದೆಲ್ಲ ಓಡಿಸಿಕೊಂಡು ಬಂದಿದ್ದ. ದುಗ್ಗಮ್ಮನಿಗೆ ಕಣ್ಣು ಮಂಜಾಗುತ್ತಿತ್ತು. ನಾನು ಹೋದಮೇಲೆ ಇವನ ಗತಿ ಏನು ಅನ್ನುವುದೊಂದೇ ಚಿಂತೆ.

ಲೋಕೋ ಶೆಡ್ಡಿನಲ್ಲಿ ದುಡಿದು ನಿವೃತ್ತನಾದ ಬಾಬಾಜಾನ್ ಮೇಸ್ತ್ರಿ, ಹಿಂದೆ ಪ್ಯಾಸೆಂಜರ್ ಗಾಡಿ ಎಳೆಯುತ್ತಿದ್ದ ಹಬೆ ಎಂಜಿನ್ನುಗಳನ್ನು ಮೊಣಕಾಲೆತ್ತರಕ್ಕೆ ಮಾಡುತ್ತಿದ್ದ. ಬೆಂಕಿಯೂ ನಿಜ, ಹಬೆಯೂ ನಿಜ. ದುಗ್ಗಮ್ಮ ಹೋಗಿ, ಮಗನನ್ನು ಕೆಲಸಕ್ಕಿಟ್ಟುಕೊಳ್ಳಿ ಅಂತ ಕೈಮುಗಿದಳು. ರೈಲ್ವೆಯ ದೊಡ್ಡ ಸಾಹೇಬರ ಮುಂದೆ ಎಂಜಿನ್ ಓಡಿಸಿ ತೋರಿಸುವ ದಿನದವರೆಗೆ ನೋಡುತ್ತೇನೆ, ಅವತ್ತು ಇವನು ಸರಿಯಾಗಿ ಓಡಿಸಿದರೆ ಕೆಲಸ ಕಾಯಂ ಅಂದ ಮೇಸ್ತ್ರಿ.

ಮೊದಲ ದಿನ, ಹಿತ್ತಾಳೆ ಫಳಫಳ ಅನ್ನುವಂತೆ ತಿಕ್ಕು ಅಂದ. ಸಣ್ಣೀರ ತಿಕ್ಕಿದ. ಕರೀ ಬಣ್ಣ ಹೋಯಿತು, ನಂಬರು ಹೋಯಿತು, ಒಳಗಿನ ಹಿತ್ತಾಳೆಯೆಲ್ಲ ಫಳಫಳ ಅಂದಿತು. ಮೇಸ್ತ್ರಿ ತಲೆ ಹಿಡಿದುಕೊಂಡ. ಮನೆಯಲ್ಲಿ ತಾಯಿ ಬೈದಳು.

"ಲೇ, ಇದ್ದದ್ದನ್ನ ಇದ್ದ ಹಾಗೆ ಬಿಡೋದು ಕಲಿ."

"ಹೂಂ ಕಣವ್ವ."

ಬಣ್ಣ ಮತ್ತೆ ಬಳಿದರು. ಅದು ಒಣಗುವಷ್ಟರಲ್ಲಿ ಚಿಮಣಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಸಣ್ಣೀರ ನೋಡಿದ. ಇದ್ದ ಹಾಗೆ ಬಿಟ್ಟ. ಬೆಂಕಿ ಹಾಕಿದರೆ ಹೊಗೆ ಹಿಂದಕ್ಕೆ ನುಗ್ಗಿ ಮೇಸ್ತ್ರಿಯ ಬಿಳೀ ಗಡ್ಡ ಕಪ್ಪಾಯಿತು.

"ನಿಮ್ಮವ್ವನ ಮಾತು ಇಲ್ಲಿ ಬೇಡ ಕಣೋ," ಅಂದ ಮೇಸ್ತ್ರಿ ಗಡ್ಡ ಒರೆಸಿಕೊಳ್ಳುತ್ತ. "ಚಿಕ್ಕದು ಅಂತ ಸಸಾರ ಮಾಡಬೇಡ. ದೊಡ್ಡ ಎಂಜಿನ್ನಿಗೆ ಏನೇನು ಮಾಡ್ತಾರೋ ಇದಕ್ಕೂ ಅಷ್ಟೂ ಮಾಡು."

"ಹೂಂ ಸಾಬ್ರೇ."

ಆ ದಿನ ಬಂತು. ಪ್ಲಾಟ್‌ಫಾರಂ ಪಕ್ಕ ಮೂವತ್ತಡಿ ಪುಟ್ಟ ಹಳಿ ಹಾಸಿದ್ದರು. ಸಾಹೇಬರು ಹಾರ ಹಾಕಿಸಿಕೊಂಡು, ಈ ಎಂಜಿನ್ ನಮ್ಮ ಶ್ರಮದ ಫಲ ಅಂದರು. ಅವರ ಉಗುರಿಗೆ ಒಂದು ಚೂರು ಮಸಿ ತಗುಲಿರಲಿಲ್ಲ. ಮಾಡಿದವನಿಗೆ ಕೂರಲು ಕುರ್ಚಿ ಇರಲಿಲ್ಲ.

ಬಿಡಪ್ಪಾ ಅಂದರು ಸಾಹೇಬರು. ಸಣ್ಣೀರ ಬಿಡಲಿಲ್ಲ. ಒಂಟಿ ಹಳಿಯ ಕಾನೂನು ಕಾಲೊನಿಯ ಕೂಸಿಗೂ ಗೊತ್ತು: ಮುಂದೆ ಹಳಿ ಖಾಲಿ ಅನ್ನುವುದಕ್ಕೆ ಗುರುತಾದ ಟೋಕನ್ ಸಿಕ್ಕಿಸಿದ ದೊಡ್ಡ ಬಳೆ ಕೈಗೆ ಬರದೆ ಯಾವ ಎಂಜಿನ್ನೂ ಮುಂದಿನ ಸ್ಟೇಷನ್ನಿಗೆ ಹೊರಡುವಂತಿಲ್ಲ. ಪ್ಲಾಟ್‌ಫಾರಂ ತುದಿಯ ಕಂಬದಲ್ಲಿ ಹನ್ನೊಂದು ಗಂಟೆಯ ಪ್ಯಾಸೆಂಜರಿಗೆಂದು ಬಳೆ ತೂಗುಹಾಕಿದ್ದರು. ತಂದ. ಹೆಗಲಿಗೆ ಹಾಕಿಕೊಂಡ. ಸೀಟಿ ಊದಿ ಬಿಟ್ಟ. ಎಂಜಿನ್ ಮೂವತ್ತಡಿ ಚೊಕ್ಕವಾಗಿ ಓಡಿತು. ಜನ ಚಪ್ಪಾಳೆ ತಟ್ಟಿದರು. ದುಗ್ಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ನಿಜವಾದ ಪ್ಯಾಸೆಂಜರ್ ಬಂತು, ನಿಂತಿತು, ಹೊರಡಲಿಲ್ಲ. ಡ್ರೈವರ್ ಟೋಕನ್ ಎಲ್ಲಿ ಅಂದ. ಸ್ಟೇಷನ್ ಮಾಸ್ತರು ಓಡಿ ಬಂದರು. ಸಾಹೇಬರ ಮುಖ ಕೆಂಪಾಯಿತು.

"ಅದು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಮುಟ್ಟಿಸೋ!"

ಟೋಕನ್ ಸೇರಬೇಕಾದದ್ದು ಮುಂದಿನ ಸ್ಟೇಷನ್ನಿಗೆ, ಅದೂ ಎಂಜಿನ್ನಿನ ಜೊತೆಗೆ. ತಪ್ಪು ಯಾರದು ಅಂತ ದೊಡ್ಡವರು ಜಗಳಕ್ಕೆ ನಿಂತಿದ್ದಾಗ ಸಣ್ಣೀರ ಬೆಂಕಿ ಆರಿಸಿ, ಎಂಜಿನ್ನನ್ನು ಗೋಣಿಯಲ್ಲಿ ಸುತ್ತಿ ತಲೆಗಿಟ್ಟುಕೊಂಡು, ಹೆಗಲ ಬಳೆಯ ಸಮೇತ ಹಳಿ ಹಿಡಿದ. ಇವರು ತಿರುಗಿ ನೋಡುವಷ್ಟರಲ್ಲಿ ಸಿಗ್ನಲ್ ದಾಟಿ ತಿರುವಿನಲ್ಲಿ ಮರೆಯಾಗಿದ್ದ. ಆರು ಮೈಲಿ ದಾರಿ.

ಇವತ್ತೇ ಅವನನ್ನು ತೆಗೆದುಹಾಕಿ ಅಂತ ಸಾಹೇಬರು ಕೂಗಿದರು. ಅವರ ಖಾಲಿ ಕುರ್ಚಿಯಲ್ಲಿ ಮೇಸ್ತ್ರಿ ನಿಧಾನವಾಗಿ ಕೂತ.

"ಯಾಕೆ ಸ್ವಾಮಿ? ಇಲ್ಲಿ ಕಾನೂನು ಪಾಲಿಸಿದವನು ಅವನೊಬ್ಬನೇ."

ಆಮೇಲೆ ದುಗ್ಗಮ್ಮನ ಕಡೆ ತಿರುಗಿದ.

"ನಾಳೆಯಿಂದ ಕಾಯಂ, ತಂಗಿ. ವಾಪಸ್ ಬರೋಕೂ ಟೋಕನ್ ಕೊಡಿ ಅಂತ ಅಲ್ಲೇ ಕೂತುಬಿಡದಿದ್ದರೆ."

ಅವನು ಅಲ್ಲೇ ಕೂತಿದ್ದ.