ರಾಣಿ ಮುಟ್ಟದ ಕಷಾಯ

"ಕೇಳ್ರಪ್ಪೋ ಕೇಳ್ರಿ! ಹಂದರಕೋಟೆಯ ರಾಣಿ ಹೊನ್ನಾಂಬೆ ಹಸಿ ಬಾಣಂತಿ, ಮೈಯೆಲ್ಲ ಸುಡುವ ಜ್ವರ. ವೈದ್ಯರು ಕೊಟ್ಟ ಕಷಾಯ ಮುಟ್ಟುತ್ತಿಲ್ಲ. ತನ್ನ ಮೂರು ಒಗಟು ಬಿಡಿಸಿದವರ ಮಾತು ಕೇಳಿ ಕುಡಿಯುವೆ ಎಂದಿದ್ದಾಳೆ. ಗೆದ್ದವರು ಕೇಳಿದ್ದು ಕೊಡಲಾಗುವುದು. ಸೋತವರಿಗೆ ತಲೆದಂಡ. ದೊರೆಯ ಅಪ್ಪಣೆಯಪ್ಪೋ!"

ಡಂಗುರದವನು ಅತ್ತ ಹೋದ, ಇತ್ತ ಊರೆಲ್ಲ ಬಾಗಿಲು ಹಾಕಿಕೊಂಡಿತು. ಒಗಟಿಗೆ ತಲೆ ಕೊಡೋ ಹುಚ್ಚು ಯಾರಿಗಿದೆ ಹೇಳಿ? ಆದರೆ ಆಸೆ ಯಾರನ್ನು ಬಿಟ್ಟಿದೆ! ಆಸ್ಥಾನದ ಶಾಸ್ತ್ರಿ ಶಲ್ಯ ಹೊದ್ದು ಹೊರಟೇಬಿಟ್ಟ.

ಪರದೆಯ ಹಿಂದಿನಿಂದ ರಾಣಿ ಏದುಸಿರು ಬಿಡುತ್ತಾ ಕೇಳಿದಳು, "ಒಬ್ಬರ ಬಾಯಿಗೆ ಹಾಕಿದ್ದು ಇಬ್ಬರ ಹೊಟ್ಟೆಗೆ ಇಳಿಯುತ್ತದೆ. ಏನದು?"

"ಹೋಮಕುಂಡ! ಹಾಕಿದ್ದು ಅಗ್ನಿಗೂ ಸಲ್ಲುತ್ತದೆ, ದೇವರಿಗೂ ಸಲ್ಲುತ್ತದೆ," ಅಂದ ಶಾಸ್ತ್ರಿ.

"ಅಲ್ಲ," ಅಂದಳು ರಾಣಿ. ಭಟರು ಅವನನ್ನು ದರದರ ಎಳೆದೊಯ್ದರು. ಮರುದಿನ ಮಂತ್ರವಾದಿಯೊಬ್ಬ ಬಂದು, "ದೆವ್ವ ಹೊಕ್ಕವಳು! ಉಣ್ಣೋದು ಅವಳು, ಕೊಬ್ಬೋದು ದೆವ್ವ," ಅಂದ. ಅವನೂ ಸೆರೆಮನೆಗೇ ಹೋದ. ಅಮಾವಾಸ್ಯೆಗೆ ಇಬ್ಬರ ತಲೆ ಹೋಗಬೇಕು. ಅಷ್ಟರೊಳಗೆ ರಾಣಿಯೇ ಹೋಗುತ್ತಾಳೇನೋ ಅಂತ ಅರಮನೆಯವರೆಲ್ಲ ಒಳಗೊಳಗೇ ನಡುಗುತ್ತಿದ್ದರು.

ಆಗ ಬಂದವನು ಬುಟ್ಟಿ ಹೆಣೆಯುವ ಗಾದ್ರ. ಎದೆಗೆ ಒಂದು ಹೆಣ್ಣುಕೂಸನ್ನು ಕಟ್ಟಿಕೊಂಡಿದ್ದ, ತೀರಿಹೋದ ಅಕ್ಕನ ಮಗಳು.

"ಏನಯ್ಯಾ, ಸಾಯೋಕೆ ಕೂಸನ್ನೂ ಕಟ್ಕೊಂಡು ಬಂದ್ಯಾ?" ಅಂದ ಕಾವಲುಗಾರ.

"ಬಿಟ್ಟು ಬರೋಕೆ ಮನೇಲಿ ಯಾರೂ ಇಲ್ಲಣ್ಣ."

ದೊರೆಯೂ ವೈದ್ಯನೂ ಅಲ್ಲೇ ಕೂತಿದ್ದರು, ಗಾದ್ರ ಪರದೆಯ ಮುಂದೆ ಬಂದು ನಿಂತ. ಮೊದಲ ಒಗಟು ಕೇಳಿ ಎದೆಯ ಮೇಲಿದ್ದ ಕೂಸನ್ನು ನೋಡಿದ. "ಹಾಲೂಡಿಸೋ ತಾಯಿ," ಅಂದ.

ಪರದೆಯ ಹಿಂದೆ ಬಳೆ ಸದ್ದಾಯಿತು. "ಒಂದು ಬಟ್ಟಲಿದೆ. ಎತ್ತಿದರೂ ಕೈ ನಡುಗುತ್ತದೆ, ಇಟ್ಟರೂ ನಡುಗುತ್ತದೆ. ಅದರಲ್ಲೇನಿದೆ?"

"ಮದ್ದು, ನನ್ನವ್ವ. ಕುಡಿದರೆ ಕೂಸಿಗೇನಾಗುತ್ತೋ, ಕುಡಿಯದಿದ್ದರೆ ಕೂಸೇ ತಬ್ಬಲಿಯಾಗುತ್ತೋ ಅನ್ನೋ ಭಯ. ನಮ್ಮಕ್ಕನ ಕೈಯೂ ಹಿಂಗೇ ನಡುಗ್ತಿತ್ತು."

ರಾಣಿಯ ದನಿ ಒಡೆಯಿತು. "ಹಾಗಾದರೆ ಮೂರನೆಯದು ಹೇಳಪ್ಪ. ಎತ್ತಲೋ, ಇಡಲೋ?"

ಗಾದ್ರ ಕೂಸನ್ನು ಎದೆಗೊತ್ತಿಕೊಂಡ. "ನನಗೆ ಗೊತ್ತಿಲ್ಲ," ಅಂದ.

"ಹಿಡೀರಿ ಇವನನ್ನ!" ದೊರೆ ಗುಡುಗಿದ. ಭಟನೊಬ್ಬ ಕತ್ತಿ ಹಿರಿದು ಗಾದ್ರನ ಬೆನ್ನ ಹಿಂದೆ ನಿಂತ.

"ಬುದ್ಧೀ, ತಡೀರಿ! ನನಗೆ ಗೊತ್ತಿಲ್ಲ, ಗೊತ್ತಿರೋರು ಇಲ್ಲೇ ಕೂತವ್ರೆ. ವೈದ್ಯರೇ, ಅವ್ವಾರು ತಾವೇ ಹಾಲೂಡಿಸ್ತಾರೆ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?"

ಮುದಿ ವೈದ್ಯ ದಡಕ್ಕನೆ ಎದ್ದ. ಆ ಅರಮನೆಯ ರಾಣಿಯರು ಹಾಲೂಡಿಸುವಂತಿಲ್ಲ, ಅದು ದಾದಿಯ ಕೆಲಸ. ಪರದೆಯಾಚೆಗೆ ಚಾಚಿದ ಕೈಯ ನಾಡಿ ಹಿಡಿದು ಅವನು ಮದ್ದು ಕೊಟ್ಟಿದ್ದ. "ಅಯ್ಯೋ ಶಿವನೇ! ದಾದಿಯೇ ಊಡಿಸುತ್ತಾಳೆ ಅಂದುಕೊಂಡೆನಲ್ಲ!"

"ಮಗು ದಾದಿಯ ಎದೆಗೆ ಬಾಯಿಡಲೇ ಇಲ್ಲ," ಅಂದಳು ರಾಣಿ ಅಳುತ್ತಾ. "ಹೇಳಿದರೆ ನನ್ನ ಮಡಿಲಿಂದ ಕಿತ್ತುಕೊಳ್ಳುತ್ತೀರಿ ಅಂತ ಹೆದರಿದೆ."

"ಯಾರೂ ಕಿತ್ತುಕೊಳ್ಳುವುದಿಲ್ಲ, ನೀನೇ ಊಡಿಸು," ಅಂದ ದೊರೆ.

ವೈದ್ಯ ಬಟ್ಟಲಲ್ಲಿದ್ದ ಹಳೆಯ ಕಷಾಯವನ್ನು ತಾನೇ ಚೆಲ್ಲಿದ. "ಎಲ್ಲ ಮದ್ದೂ ಎದೆಹಾಲಿಗೆ ವಿಷವಲ್ಲ ತಾಯಿ. ಕೂಸು ಎದೆಹಾಲು ಕುಡಿಯುತ್ತದೆ ಅಂತ ತಿಳಿದರೆ ಹೊಂದುವುದನ್ನು ನೋಡಿ ಕೊಡುತ್ತೇವೆ." ಬೇರೆ ಬೇರು ತೇಯ್ದು ಕೊಟ್ಟ. ರಾಣಿ ಮಗುವಿಗೆ ಹಾಲೂಡಿಸಿ, ಕಣ್ಣು ಮುಚ್ಚಿ ಕುಡಿದಳು. ಹೊತ್ತು ಕಳೆದ ಮೇಲೆ ಮತ್ತೆ ಊಡಿಸಿ ತೊಟ್ಟಿಲಿಗೆ ಹಾಕಿದಳು; ಮಗುವಿಗೇನಾಗುತ್ತೋ ಅಂತ ಎಲ್ಲರೂ ಅದನ್ನೇ ನೋಡುತ್ತಾ ಕೂತರು. ಗಾದ್ರನ ಹಿಂದೆ ಕತ್ತಿ ಹಿಡಿದವನು ಹಾಗೇ ನಿಂತಿದ್ದ. ಕೊನೆಗೆ ತೊಟ್ಟಿಲಿನಿಂದ ಹಸಿವಿನ ಅಳು ಜೋರಾಗಿ ಎದ್ದಿತು. ರಾಣಿಯ ಹಣೆ ಬೆವರಿ ಜ್ವರ ಇಳಿಯತೊಡಗಿತ್ತು.

"ಬಾಯಿಬಿಟ್ಟು ಕೇಳೋದೇ ಮೂರನೇದರ ಉತ್ತರ, ನನ್ನವ್ವ," ಅಂದ ಗಾದ್ರ. "ನಮ್ಮಕ್ಕ ಕೇಳಲಿಲ್ಲ. ಕಷಾಯನೆಲ್ಲ ಒಲೆ ಹಿಂದೆ ಚೆಲ್ಲಿದಳು. ಅವಳು ಹೋದ ಮೇಲೆ ಒದ್ದೆ ಬೂದಿ ನೋಡಿದಾಗ ನಮಗೆ ತಿಳೀತು."

"ಊರು ಬೇಕೋ? ಬಂಗಾರ ಬೇಕೋ?" ದೊರೆ ಕೇಳಿದ.

"ಸೆರೇಲಿರೋರನ್ನ ಬಿಟ್ಟುಬಿಡಿ ಬುದ್ಧಿ. ಬಂಗಾರ ಕೂಸಿಗೆ ಕುಡಿಸೋಕಾಗಲ್ಲ. ಇದು ಮೇಕೆ ಹಾಲಿಗೆ ಸೊರಗ್ತಾ ಅದೆ..."

ಅವನ ಮಾತು ಮುಗಿಯುವ ಮೊದಲೇ ಮೂಲೆಯಲ್ಲಿದ್ದ ದಾದಿ ಮಾಳವ್ವ ಎದ್ದು ಬಂದಳು. "ಕೊಡಪ್ಪ ಇಲ್ಲಿ," ಅಂತ ಕೂಸನ್ನು ಸೆರಗಿನೊಳಗೆ ತೆಗೆದುಕೊಂಡಳು. ಅದು ಮೂಗುಜ್ಜಿ, ಬಾಯಿಟ್ಟು, ಚಪ್ಪರಿಸತೊಡಗಿತು. ಕತ್ತಿಯ ಮುಂದೆ ನಿಂತೇ ಇದ್ದ ಗಾದ್ರ ಆಗ ಕುಸಿದು ಕೂತು, ಅಕ್ಕನ ಹೆಸರು ಹಿಡಿದು ಗೊಳೋ ಎಂದು ಅತ್ತ.

ಸೆರೆಯಲ್ಲಿದ್ದ ಇಬ್ಬರೂ ತಲೆ ಉಳಿಸಿಕೊಂಡು ಮನೆಗೆ ಹೋದರು. ಆ ಕೂಸುಗಳ ಹೊಟ್ಟೆ ತುಂಬಿತು. ನಿಮ್ಮ ಮನೆಯ ತೊಟ್ಟಿಲೂ ತಣ್ಣಗಿರಲಿ.